ಇನ್ಸುಲಿನ್ ಶುರುವಾದ ಮನೆಗೆ

ಬ್ರಿಟನ್ನಿಗೆ ಬಂದು, ಜಿಪಿ ಬಳಿ ಹೆಸರು ಬರೆಸಿ, ರಕ್ತ ಕೊಟ್ಟ ಮೇಲಷ್ಟೇ ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತಾದ ಮನೆಗಳು ನಮ್ಮ ನಡುವೆ ಇವೆ. ಊರಿನಿಂದಲೇ ಇನ್ಸುಲಿನ್ ಹಿಡಿದು ಬಂದವರೂ ಇದ್ದಾರೆ. ಸೂಜಿಯ ಭಯ ದಿನ ಕಳೆದಂತೆ ತಾನಾಗಿ ಇಳಿಯುತ್ತದೆ. ಅಂಕಿ ತಪ್ಪಿದರೆ ಜೀವಕ್ಕೇ ಕುತ್ತು. ಹಾಗಾಗಿ ಅಂಕಿಗಳಿಂದಲೇ ಶುರು ಮಾಡುತ್ತೇನೆ.

ಊರಿನಲ್ಲಿ ನಾವು ಸಕ್ಕರೆಯನ್ನು ಮಿಲಿಗ್ರಾಂ ಲೆಕ್ಕದಲ್ಲಿ ಹೇಳುತ್ತೇವೆ: ಫಾಸ್ಟಿಂಗ್ 126, ಊಟವಾದ ಮೇಲೆ 180. ಇಲ್ಲಿನ ಮೀಟರ್ ಮಿಲಿಮೋಲ್ ಲೆಕ್ಕದಲ್ಲಿ ತೋರಿಸುತ್ತದೆ. ಊರಿನ ಅಂಕಿಯನ್ನು 18ರಿಂದ ಭಾಗಿಸಿದರೆ ಇಲ್ಲಿನದು ಸಿಗುತ್ತದೆ. 126 ಅಂದರೆ 7, 180 ಅಂದರೆ 10. ಮೀಟರ್ 15 ತೋರಿಸಿದಾಗ ‘ಬರೀ ಹದಿನೈದು’ ಎಂದು ಸಮಾಧಾನಪಡಬೇಡಿ, ಅದು ಊರಿನ 270. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಕೂಡ ಇಲ್ಲಿ ಬೇರೆ ಅಳತೆಯಲ್ಲಿ ಬರುತ್ತದೆ. ಊರಿನ ಶೇಕಡಾ 6.5 ಇಲ್ಲಿ 48, ಶೇಕಡಾ 7 ಇಲ್ಲಿ 53. ಹಳೆಯ ರಿಪೋರ್ಟುಗಳನ್ನು ನರ್ಸ್‌ಗೆ ತೋರಿಸುವಾಗ ಎರಡೂ ಲೆಕ್ಕವನ್ನು ಪಕ್ಕಪಕ್ಕದಲ್ಲಿ ಬರೆದುಕೊಂಡು ಹೋಗಿ.

ಇದಕ್ಕಿಂತ ಗಂಭೀರವಾದ ಇನ್ನೊಂದು ವ್ಯತ್ಯಾಸವಿದೆ. ಭಾರತದಲ್ಲಿ ಸೀಸೆಯಲ್ಲಿ ಬರುವ ಇನ್ಸುಲಿನ್ ಬಹಳಷ್ಟು ಸಲ ಒಂದು ಎಂಎಲ್‌ಗೆ 40 ಯೂನಿಟ್ ಬಲದ್ದು. ಅದರ ಸಿರಿಂಜಿಗೆ ಕೆಂಪು ಮುಚ್ಚಳ. ಇಲ್ಲಿ ಸಾಮಾನ್ಯವಾಗಿ ಕೊಡುವುದು 100 ಯೂನಿಟ್ ಬಲದ್ದು, ಅದರ ಸಿರಿಂಜಿನ ಮುಚ್ಚಳ ಕಿತ್ತಳೆ ಬಣ್ಣದ್ದು. ಇಲ್ಲಿನ ಇನ್ಸುಲಿನ್ನನ್ನು ಊರಿನ ಕೆಂಪು ಮುಚ್ಚಳದ ಸಿರಿಂಜಿನಲ್ಲಿ 10ರ ಗೆರೆಯವರೆಗೆ ಎಳೆದರೆ ಮೈಗೆ ಹೋಗುವುದು 25 ಯೂನಿಟ್. ಊರಿನ ಸೀಸೆಯನ್ನು ಇಲ್ಲಿನ ಸಿರಿಂಜಿನಲ್ಲಿ ಎಳೆದರೆ ಹತ್ತರ ಬದಲು ನಾಲ್ಕೇ ಯೂನಿಟ್. ಉಳಿದಿದೆ, ದಂಡ ಮಾಡುವುದು ಬೇಡ ಎಂದು ಎರಡನ್ನೂ ಬೆರೆಸಿ ಬಳಸುವ ಮಿತವ್ಯಯ ಇಲ್ಲಿ ಖಂಡಿತ ಸಲ್ಲದು. ಇಲ್ಲಿ ಇನ್ಸುಲಿನ್ ಪೆನ್ ಕೊಟ್ಟ ದಿನವೇ ಹಳೆಯ ಸಿರಿಂಜುಗಳನ್ನು ಮನೆಯಿಂದ ತೆಗೆದುಬಿಡಿ. ಔಷಧದ ಹೆಸರಿನ ಜೊತೆ ಅದರ ಬಲವನ್ನೂ ಓದುವ ಅಭ್ಯಾಸ ಮನೆಯ ಎಲ್ಲರಿಗೂ ಆಗಲಿ.

ಇನ್ನು ಬೆರಳು ಚುಚ್ಚುವುದು. ನಾವು ಕೈಯಲ್ಲಿ ಉಣ್ಣುವವರು. ಮಾವಿನ ಹಣ್ಣಿನ ರಸ, ಹೋಳಿಗೆಯ ಹೂರಣ ಬೆರಳಿಗೆ ಅಂಟಿದ್ದರೆ ಮೀಟರ್ ಇಲ್ಲದ ಸಕ್ಕರೆಯನ್ನು ತೋರಿಸುತ್ತದೆ, ಅದನ್ನು ನಂಬಿ ಇನ್ಸುಲಿನ್ ಹೆಚ್ಚಿಸಿದರೆ ಅಪಾಯ. ಪ್ರತಿ ಸಲ ಬೆಚ್ಚಗಿನ ನೀರಿನಲ್ಲಿ ಕೈ ತೊಳೆದು, ಚೆನ್ನಾಗಿ ಒರೆಸಿಕೊಳ್ಳಿ. ಬೆಚ್ಚನೆಯ ಕೈಯಲ್ಲಿ ರಕ್ತವೂ ಸುಲಭವಾಗಿ ಬರುತ್ತದೆ, ಈ ದೇಶದ ಚಳಿಗಾಲದಲ್ಲಿ ಇದು ದೊಡ್ಡ ಅನುಕೂಲ. ಬೆರಳಿನ ತುದಿಯನ್ನು ಬಿಟ್ಟು ಪಕ್ಕದಲ್ಲಿ ಚುಚ್ಚಿ, ನೋವು ಕಡಿಮೆ. ದಿನವೂ ಒಂದೇ ಬೆರಳಿಗೆ ಶಿಕ್ಷೆ ಬೇಡ.

ಪೆನ್ನಿನ ಸೂಜಿ ಈಗ ಸಾಮಾನ್ಯವಾಗಿ 4 ಮಿಲಿಮೀಟರ್ ಉದ್ದದ್ದು. ಅದನ್ನು ಕಣ್ಣಾರೆ ನೋಡಿದರೆ ಅರ್ಧ ಹೆದರಿಕೆ ಅಲ್ಲೇ ಹೋಗುತ್ತದೆ. ಹೊಸ ಸೂಜಿ ಹಾಕಿ, ಎರಡು ಯೂನಿಟ್ ಗಾಳಿಯಲ್ಲಿ ಚಿಮ್ಮಿಸಿ ಹನಿ ಕಂಡ ಮೇಲೆ ಡೋಸ್ ಇಡಿ. ನೇರವಾಗಿ ಚುಚ್ಚಿ, ಗುಂಡಿ ಪೂರ್ತಿ ಒತ್ತಿ, ಹತ್ತು ಎಣಿಸಿ ಹೊರತೆಗೆಯಿರಿ. ಜಾಗ ಬದಲಿಸುವುದನ್ನು ಮಾತ್ರ ಮರೆಯಬೇಡಿ. ನೋವಿಲ್ಲವೆಂದು ಹೊಟ್ಟೆಯ ಒಂದೇ ಕಡೆ ಚುಚ್ಚುತ್ತ ಹೋದರೆ ಅಲ್ಲಿ ಚರ್ಮದಡಿ ಕೊಬ್ಬಿನ ಗಂಟು ಕಟ್ಟುತ್ತದೆ, ಆ ಗಂಟಿನಿಂದ ಇನ್ಸುಲಿನ್ ಒಂದು ದಿನ ಇಳಿದಂತೆ ಇನ್ನೊಂದು ದಿನ ಇಳಿಯುವುದಿಲ್ಲ. ಬಳಸಿದ ಸೂಜಿಗೆ ಹಳದಿ ಡಬ್ಬವನ್ನು ಜಿಪಿ ಬರೆದುಕೊಡುತ್ತಾರೆ, ಮನೆಯ ಕಸದ ಚೀಲಕ್ಕೆ ಹಾಕಬೇಡಿ. ತೆರೆಯದ ಇನ್ಸುಲಿನ್ ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿರಲಿ. ಹೆಪ್ಪುಗಟ್ಟಿದ ಇನ್ಸುಲಿನ್ ಮತ್ತೆ ಕರಗಿದರೂ ಕೆಲಸಕ್ಕೆ ಬಾರದು. ಆದ್ದರಿಂದ ಜನವರಿಯ ರಾತ್ರಿ ಕಾರಿನಲ್ಲಿ ಬಿಡಬೇಡಿ, ವಿಮಾನದಲ್ಲಿ ಕೈಚೀಲದಲ್ಲೇ ಇಟ್ಟುಕೊಳ್ಳಿ.

ಸಕ್ಕರೆ ಇಳಿಯುವುದೇ ಇನ್ಸುಲಿನ್ ತೆಗೆದುಕೊಳ್ಳುವವರ ನಿಜವಾದ ಎದುರಾಳಿ. 4ಕ್ಕಿಂತ ಕೆಳಗಿಳಿದರೆ, ಕೈ ನಡುಗಿ ಬೆವರು ಬಂದು ಮಾತು ತೊದಲಿದರೆ, ತಡ ಮಾಡದೆ 15ರಿಂದ 20 ಗ್ರಾಂ ಬೇಗ ಕರಗುವ ಸಕ್ಕರೆ ಬೇಕು: ಗ್ಲೂಕೋಸ್ ಮಾತ್ರೆ, ಹಣ್ಣಿನ ರಸ, ಏನೂ ಇಲ್ಲದಿದ್ದರೆ ಸಕ್ಕರೆ ಕದಡಿದ ನೀರು. ಡಬ್ಬಿಯಲ್ಲಿರುವ ಮೈಸೂರು ಪಾಕ್ ಈ ಹೊತ್ತಿಗೆ ಒದಗುವುದಿಲ್ಲ, ಅದರ ತುಪ್ಪ ಸಕ್ಕರೆಯನ್ನು ರಕ್ತಕ್ಕೆ ನಿಧಾನವಾಗಿ ಬಿಡುತ್ತದೆ. ಚಾಕೊಲೇಟೂ ಹಾಗೆಯೇ. ಹತ್ತು ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ 999ಕ್ಕೆ ಕರೆ ಮಾಡಿ. ಇದು ಮನೆಯ ಮಕ್ಕಳಿಗೂ ಗೊತ್ತಿರಲೇಬೇಕು.

ಕಾರು ಓಡಿಸುವವರು ಇನ್ಸುಲಿನ್ ಶುರುವಾದದ್ದನ್ನು ಲೈಸೆನ್ಸ್ ಕೊಡುವ ಡಿವಿಎಲ್‌ಎಗೆ ತಿಳಿಸಬೇಕು, ಇದು ಕಾನೂನು. ಹೊರಡುವ ಮುಂಚಿನ ಎರಡು ಗಂಟೆಯೊಳಗೆ ಒಮ್ಮೆ, ದೂರದ ಪ್ರಯಾಣವಾದರೆ ಎರಡೆರಡು ಗಂಟೆಗೊಮ್ಮೆ ಸಕ್ಕರೆ ನೋಡಿ. 5 ಅಥವಾ ಅದಕ್ಕಿಂತ ಕೆಳಗಿದ್ದರೆ ಏನಾದರೂ ತಿನ್ನಿ. 4ಕ್ಕಿಂತ ಕೆಳಗಿದ್ದರೆ ಸ್ಟಿಯರಿಂಗ್ ಮುಟ್ಟಬೇಡಿ. ಸಕ್ಕರೆ ಸರಿಹೋದ ಮೇಲೂ 45 ನಿಮಿಷ ಕಾಯಿರಿ.

ದುಡ್ಡಿನ ಮಾತು ಬೇಗ ಮುಗಿಸುತ್ತೇನೆ. ಇಂಗ್ಲೆಂಡಿನಲ್ಲಿ ಮಧುಮೇಹಕ್ಕೆ ಔಷಧ ತೆಗೆದುಕೊಳ್ಳುವವರಿಗೆ ಪ್ರಿಸ್ಕ್ರಿಪ್ಷನ್ ಶುಲ್ಕವಿಲ್ಲ. ಜಿಪಿ ಬಳಿ ಎಫ್‌ಪಿ92ಎ ಅರ್ಜಿ ಕೇಳಿ ತುಂಬಿ, ಪ್ರಮಾಣಪತ್ರ ಐದು ವರ್ಷ ನಡೆಯುತ್ತದೆ. ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡಿನಲ್ಲಿ ಯಾರಿಗೂ ಈ ಶುಲ್ಕವಿಲ್ಲ. ಇಂಗ್ಲಿಷ್ ಕಷ್ಟವಾದವರು ಅಪಾಯಿಂಟ್‌ಮೆಂಟ್ ಪಡೆಯುವಾಗಲೇ ಕನ್ನಡ ದುಭಾಷಿ ಬೇಕೆಂದು ಕೇಳಿ, ಅದು ಉಚಿತ. ಔಷಧದ ಲೆಕ್ಕವನ್ನು ಮೊಮ್ಮಗನ ಬಾಯಲ್ಲಿ ಅರ್ಥ ಮಾಡಿಕೊಳ್ಳುವ ಸ್ಥಿತಿ ಯಾರಿಗೂ ಬೇಡ.

ಊಟದ ಬಗ್ಗೆ ನಮ್ಮವರಲ್ಲಿ ಒಂದು ಗಟ್ಟಿ ನಂಬಿಕೆಯಿದೆ, ಅಕ್ಕಿ ಬಿಟ್ಟು ರಾಗಿ ಹಿಡಿದರೆ ಸಕ್ಕರೆ ಏರದು ಎಂದು. ರಾಗಿ ಒಳ್ಳೆಯದೇ. ಆದರೆ ನೂರು ಗ್ರಾಂ ರಾಗಿ ಹಿಟ್ಟಿನಲ್ಲೂ 70 ಗ್ರಾಂ ಆಸುಪಾಸು ಕಾರ್ಬೋಹೈಡ್ರೇಟ್ ಇದೆ, ಮುದ್ದೆಯ ಗಾತ್ರವೂ ಲೆಕ್ಕಕ್ಕೆ ಬರುತ್ತದೆ. ಟೈಪ್ 1 ಮಧುಮೇಹ ಇರುವ ವಯಸ್ಕರಿಗೆ ಊಟಕ್ಕೆ ತಕ್ಕ ಇನ್ಸುಲಿನ್ ಲೆಕ್ಕ ಹಾಕುವುದನ್ನು ಕಲಿಸುವ ಡಾಫ್ನೆ ಎಂಬ ತರಗತಿ ಎನ್‌ಎಚ್‌ಎಸ್‌ನಲ್ಲಿದೆ, ಕೇಳಿ ಸೇರಿಕೊಳ್ಳಿ. ಏಕಾದಶಿ, ಶಿವರಾತ್ರಿಯ ಉಪವಾಸ ಮಾಡುವವರು ಮುಂಚೆಯೇ ನರ್ಸ್ ಜೊತೆ ಮಾತಾಡಿ. ಟೈಪ್ 1 ಇರುವವರು ಉಪವಾಸವಿರಲಿ, ಜ್ವರ ವಾಂತಿ ಇರಲಿ, ಇನ್ಸುಲಿನ್ ಪೂರ್ತಿ ನಿಲ್ಲಿಸುವಂತಿಲ್ಲ.

ಇನ್ಸುಲಿನ್ ಅಂದರೆ ಕೊನೆಯ ಹಂತ ಎಂದು ಅಳುವವರನ್ನು ಕಂಡು ಸಂಕಟವಾಗುತ್ತದೆ. 1922ರಲ್ಲಿ ಟೊರಾಂಟೊದಲ್ಲಿ ಮೊದಲ ಸೂಜಿ ಕೊಡುವವರೆಗೆ ಟೈಪ್ 1 ಬಂದ ಮಕ್ಕಳು ಉಳಿಯುತ್ತಿರಲಿಲ್ಲ. ಈ ದೇಶದ ಮಧುಮೇಹಿಗಳ ಸಂಘವನ್ನು 1934ರಲ್ಲಿ ಲೇಖಕ ಎಚ್. ಜಿ. ವೆಲ್ಸ್ ಜೊತೆ ಕಟ್ಟಿದ ವೈದ್ಯ ಆರ್. ಡಿ. ಲಾರೆನ್ಸ್, ಸ್ವತಃ ಇನ್ಸುಲಿನ್‌ನಿಂದ ಬದುಕಿ ಉಳಿದವರು. ಅದೇ ಸಂಘ ಇಂದಿನ ಡಯಾಬಿಟೀಸ್ ಯುಕೆ. ಸಂಬಂಧ ಕೂಡಿಬರಲಿಕ್ಕಿಲ್ಲ, ಜನ ಏನೆಂದಾರು ಎಂದು ಬಚ್ಚಲುಮನೆಯಲ್ಲಿ ಅವಿತು ಚುಚ್ಚಿಕೊಳ್ಳುವ ಹುಡುಗಿಗೆ ನಾವು ಕೊಡಬೇಕಾದದ್ದು ಪಕ್ಕದಲ್ಲೊಂದು ಕುರ್ಚಿ.

ನಮ್ಮ ಕನ್ನಡ ಕೂಟದ ಕಾರ್ಯಕರ್ತರಲ್ಲಿ ಒಂದು ಬೇಡಿಕೆ. ನಮ್ಮ ಯುಗಾದಿ, ರಾಜ್ಯೋತ್ಸವದ ಊಟ ಹೇಳಿದ ಹೊತ್ತಿಗೆ ಬಡಿಸಿದ್ದು ಕಡಿಮೆ. ಹನ್ನೆರಡೂವರೆಗೆ ಊಟವೆಂದು ನಂಬಿ ಇನ್ಸುಲಿನ್ ತೆಗೆದುಕೊಂಡವರು ಎರಡು ಗಂಟೆಯ ಭಾಷಣದ ನಡುವೆ ಬೆವರತೊಡಗುತ್ತಾರೆ. ಹಾಗಾಗಿ ಇನ್ಸುಲಿನ್ ತೆಗೆದುಕೊಳ್ಳುವವರು, ಎಲೆಗೆ ಅನ್ನ ಬಿದ್ದ ಮೇಲೆ ಚುಚ್ಚಿಕೊಳ್ಳಬಹುದೇ ಎಂದು ನಿಮ್ಮ ನರ್ಸ್ ಬಳಿ ಕೇಳಿಟ್ಟುಕೊಳ್ಳಿ. ಕಾರ್ಯಕರ್ತರು ಅವರನ್ನು ಮೊದಲ ಪಂಕ್ತಿಯಲ್ಲಿ ಕೂರಿಸಿ, ಬಡಿಸುವವರ ಮೇಜಿನ ಮೇಲೆ ಒಂದು ಪೆಟ್ಟಿಗೆ ಕಿತ್ತಳೆ ರಸ ಇಟ್ಟಿರಿ.