ಗರ್ಭಕೋಶ ಹೊರಬಂದಾಗ ವೈದ್ಯರು ಬರುವವರೆಗೆ ಏನು ಮಾಡಬೇಕು?



ರಾತ್ರಿ ಹಸು ಸುಸೂತ್ರವಾಗಿ ಕರು ಹಾಕಿತೆಂದು ನೆಮ್ಮದಿಯಿಂದ ಮಲಗಿರುತ್ತೀರಿ. ಬೆಳಗ್ಗೆ ಕೊಟ್ಟಿಗೆಗೆ ಹೋದರೆ ಹಿಂದೆ ಕೆಂಪು ಚೀಲದಂತೆ ಗರ್ಭಕೋಶ ನೇತಾಡುತ್ತಿರುತ್ತದೆ. ಹೆಚ್ಚಾಗಿ ಕರು ಹಾಕಿದ 24 ಗಂಟೆಯೊಳಗೆ ಬರುವ ಈ ಸ್ಥಿತಿಯಲ್ಲಿ ತಡವಾದರೆ ಹಸು ಉಳಿಯುವುದಿಲ್ಲ.

ಏಕೆ ಹೀಗಾಗುತ್ತದೆ?
ಕರುವಿಗೆ ದಾರಿಯಾಗಲೆಂದು ಹೆರಿಗೆಗೆ ಮುಂಚೆ ಬಾಲದ ಬುಡದ ಕಟ್ಟುಗಳು ಸಡಿಲವಾಗುತ್ತವೆ. ಎರಡೂ ಬದಿ ಕುಳಿ ಬೀಳುವುದನ್ನು ನೀವೇ ನೋಡಿದ್ದೀರಿ. ಕರು ಹಾಕಿದ ಮೇಲೆ ಗರ್ಭಕೋಶ ಕುಗ್ಗಿ ಬಿಗಿಯಾಗಬೇಕು. ರಕ್ತದಲ್ಲಿ ಕ್ಯಾಲ್ಸಿಯಂ ಕಡಿಮೆಯಾದರೆ ಅದು ಕುಗ್ಗುವುದಿಲ್ಲ. ಆಗ ಹಸು ತಿಣುಕಿದರೆ ಮಗುಚಿ ಹೊರಬರುತ್ತದೆ. ಕರುವನ್ನು ಬಲವಾಗಿ ಎಳೆದಾಗಲೂ ಹೀಗಾಗಬಹುದು.

ತಕ್ಷಣ ಮಾಡಬೇಕಾದದ್ದು
1. ಪಶುವೈದ್ಯರಿಗೆ ಅಥವಾ 1962ಕ್ಕೆ ಕರೆ ಮಾಡಿ.
2. ಹಸುವನ್ನು ನಡೆಸಬೇಡಿ. ನಾಯಿ, ಕಾಗೆ ಹತ್ತಿರ ಬರದಂತೆ ಒಬ್ಬರು ಕಾವಲಿರಿ.
3. ಹೊರಬಂದ ಭಾಗವನ್ನು ಶುದ್ಧ ತಣ್ಣೀರಿನಿಂದ ತೊಳೆದು, ಊತ ಇಳಿಯಲು ಸಕ್ಕರೆ ಉದುರಿಸಿ.
4. ಒದ್ದೆ ಮಾಡಿದ ಶುಭ್ರ ಪಂಚೆಯಲ್ಲಿ ಸುತ್ತಿ. ಹಸು ನಿಂತಿದ್ದರೆ ಇಬ್ಬರು ಯೋನಿಯ ಮಟ್ಟಕ್ಕೆ ಎತ್ತಿ ಹಿಡಿಯಿರಿ. ನೇತಾಡಿದರೆ ಒಳಗಿನ ರಕ್ತನಾಳ ಹರಿಯಬಹುದು.

ನೀವೇ ಒಳಗೆ ತಳ್ಳಬೇಡಿ. ಸತ್ತೆ (ಮಾಸು) ಅಂಟಿಕೊಂಡಿದ್ದರೆ ಎಳೆಯಬೇಡಿ, ಅದಕ್ಕೆ ಕಲ್ಲು ಕಟ್ಟಬೇಡಿ.

ಮುನ್ನೆಚ್ಚರಿಕೆ
ಶ್ರೀರಂಗಪಟ್ಟಣ, ಪಾಂಡವಪುರದ ನಾಲೆ ಬಯಲಿನಲ್ಲಿ ಭತ್ತದ ಹುಲ್ಲು, ಕಬ್ಬಿನ ಸೋಗೆಯೇ ಮುಖ್ಯ ಮೇವು. ಇವುಗಳಲ್ಲಿರುವ ಆಕ್ಸಲೇಟ್ ಎಂಬ ಅಂಶ ಕ್ಯಾಲ್ಸಿಯಂ ಅನ್ನು ಹಸುವಿಗೆ ದಕ್ಕಗೊಡುವುದಿಲ್ಲ. ನಾಗಮಂಗಲ, ಕೆ.ಆರ್. ಪೇಟೆಯ ರಾಗಿ ಹುಲ್ಲು ಈ ವಿಷಯದಲ್ಲಿ ಮೇಲು. ಸೋಗೆಯನ್ನಷ್ಟೇ ನೆಚ್ಚದೆ ಹಸಿರು ಮೇವು, ರಾಗಿ ಹುಲ್ಲು ಬೆರೆಸಿ ಕೊಡಿ. ಆದರೆ ಗಬ್ಬದ ಕೊನೆಯ ವಾರಗಳಲ್ಲಿ ಕ್ಯಾಲ್ಸಿಯಂ ದ್ರಾವಣವನ್ನು ವೈದ್ಯರನ್ನು ಕೇಳದೆ ಕುಡಿಸಬೇಡಿ; ಅದರಿಂದ ಹಾಲುಜ್ವರ ಹೆಚ್ಚಬಹುದು.

ತುಂಬು ಗಬ್ಬದ ಹಸುವನ್ನು ದಿನವಿಡೀ ಗೂಟಕ್ಕೆ ಕಟ್ಟಬೇಡಿ. ದಿನಾ ಸ್ವಲ್ಪ ಹೊತ್ತು ನಡೆದಾಡಿದರೆ ಸ್ನಾಯುಗಳು ಬಲವಾಗಿರುತ್ತವೆ. ನೆಲ ಹಿಂದಕ್ಕೆ ತೀರಾ ಇಳಿಜಾರಿದ್ದರೆ ಹಿಂಗಾಲಿನ ಕಡೆ ಮಣ್ಣು ಹಾಕಿ ಎತ್ತರಿಸಿ.

ಹಸುವನ್ನು ಮಾರಬೇಕೇ?
ಅವಸರ ಬೇಡ. ಕರು ಹಾಕಿದ ಮೇಲೆ ಗರ್ಭಕೋಶ ಹೊರಬಂದ ಹಸು ಬೇಗ ಚಿಕಿತ್ಸೆ ಸಿಕ್ಕರೆ ಮತ್ತೆ ಗಬ್ಬ ಕಟ್ಟಬಲ್ಲದು; ಮುಂದಿನ ಸೂಲಿನಲ್ಲೂ ಹೀಗೇ ಆಗುತ್ತದೆಂದೇನಿಲ್ಲ. ಕರು ಹಾಕುವ ಮೊದಲೇ, ಮಲಗಿದಾಗ ಯೋನಿಯ ಭಾಗ ಹೊರಬರುವುದು ಬೇರೆ ತೊಂದರೆ. ಅದು ಮರುಕಳಿಸುತ್ತದೆ, ವಂಶದಲ್ಲೂ ಬರಬಹುದು. ನಿಮ್ಮ ಹಸುವಿನದು ಯಾವುದೆಂದು ವೈದ್ಯರಿಂದ ತಿಳಿದುಕೊಂಡೇ ತೀರ್ಮಾನಿಸಿ.