ಹಿಮದೂರಿನಲ್ಲಿ ಅವಸರ ಬೇಡ

ಚಳಿಗಾಲದಲ್ಲಿ ನ್ಯೂಯಾರ್ಕ್ ರಾಜ್ಯದ ಅಡಿರಾಂಡ್ಯಾಕ್ ಬೆಟ್ಟಗಳ ಕಡೆ ಹೋಗುವಿರಾದರೆ ಸ್ಯಾರನ್ಯಾಕ್ ಲೇಕ್ ಎಂಬ ಪುಟ್ಟ ಊರಿನಲ್ಲಿ ನಾಲ್ಕು ದಿನ ಸುಮ್ಮನೆ ಉಳಿಯಿರಿ. ಹಿಮ ಬಿದ್ದ ಮರುದಿನ ಬೇಗ ಎದ್ದು ಹೊರಗೆ ಬನ್ನಿ. ಹೊಸ ಹಿಮ ಸದ್ದನ್ನು ಹೀರಿಕೊಳ್ಳುತ್ತದೆ. ಅದು ಗಟ್ಟಿಯಾಯಿತೋ, ಆ ಮೌನವೂ ಹೋಯಿತು. ಬೆಚ್ಚಗಿರಲು ಪದರ ಪದರವಾಗಿ ಉಡುಪು ತೊಡಿ.

ಹೆಪ್ಪುಗಟ್ಟಿದ ಸರೋವರದ ಮೇಲೆ ನಡೆಯುವ ಆಸೆ ಯಾರಿಗಿಲ್ಲ! ಆದರೆ ತಿಳಿಯಾದ, ಗಟ್ಟಿ ಮಂಜುಗಡ್ಡೆ ಕನಿಷ್ಠ 4 ಅಂಗುಲವಾದರೂ ದಪ್ಪವಿರಬೇಕು. ಮೇಲೆ ಬಿದ್ದ ಹಿಮ ಕಂಬಳಿಯಂತೆ ಚಳಿಯನ್ನು ತಡೆಯುವುದರಿಂದ ಕೆಳಗೆ ಗಡ್ಡೆ ತೆಳುವಾಗಿಯೇ ಉಳಿದಿರಬಹುದು. ಊರವರನ್ನು ಕೇಳದೆ ಕಾಲಿಡಲೇಬೇಡಿ. ಅವರು ಬಲ್ಲವರು. 1897ರಲ್ಲಿ ಶುರುವಾದ ಚಳಿಗಾಲದ ಉತ್ಸವಕ್ಕೆ ಫ್ಲವರ್ ಸರೋವರದ ಗಡ್ಡೆ ಕೊಯ್ದು ಅರಮನೆ ಕಟ್ಟುವವರು ಅವರೇ, ಸ್ವಯಂಸೇವಕರಾಗಿ. ಉತ್ಸವದ ಗದ್ದಲಕ್ಕೆ ಮೊದಲೇ, ಕಟ್ಟುವ ದಿನಗಳಲ್ಲಿ ಹೋಗಿ ನೋಡಿ.