ಬಾಟಲಿಯಲ್ಲೇ ಗಟ್ಟಿಯಾದ ಹನಿ

ಎಂ.ಫಾರ್ಮ್ ಪ್ರಬಂಧಕ್ಕೆ ನಾನು ಆರಿಸಿಕೊಂಡದ್ದು ಕಣ್ಣಿನ ಹನಿ. ಕಣ್ಣಲ್ಲಿ ನಿಲ್ಲುವ ನೀರು ಏಳು ಮೈಕ್ರೊಲೀಟರಿನಷ್ಟು, ಬಾಟಲಿಯಿಂದ ಬೀಳುವ ಹನಿ ಸುಮಾರು 40ರಿಂದ 50. ಹೆಚ್ಚಾದದ್ದು ಕೆನ್ನೆಗಿಳಿಯುತ್ತದೆ, ಇಲ್ಲವೇ ಮೂಗಿಗೆ. ಅದನ್ನು ಕಣ್ಣಲ್ಲೇ ಹಿಡಿದಿಡಲು ಪೊಲಾಕ್ಸಮರ್ 407 ಬಳಸಿದೆ. ಫ್ರಿಜ್ಜಿನಲ್ಲಿ ನೀರಿನಂತೆ ಹರಿಯುವ ಈ ಪಾಲಿಮರ್ ದ್ರಾವಣ ಬಿಸಿ ತಾಗಿದರೆ ಹೆಪ್ಪುಗಟ್ಟುತ್ತದೆ, ತುಪ್ಪಕ್ಕೆ ತದ್ವಿರುದ್ಧ. ತಣ್ಣಗಿದ್ದಾಗ ಸರಪಳಿಯ ನಡುಭಾಗವೂ ನೀರಿನೊಂದಿಗೆ ಹೊಂದಿಕೊಂಡಿರುತ್ತದೆ. ಬಿಸಿಯೇರಿದರೆ ಅದು ನೀರನ್ನು ದೂರ ತಳ್ಳಿ ಗುಂಪುಗೂಡುತ್ತದೆ. ಆ ಗುಂಪುಗಳು ಒತ್ತೊತ್ತಾಗಿ ಕೂತರೆ ಜೆಲ್.

ರಾಯಚೂರಿನ ಎಸಿ ಪ್ರಯೋಗಾಲಯದಲ್ಲಿ ಎಲ್ಲ ಲೆಕ್ಕದಂತೆ ನಡೆಯಿತು. ಏಪ್ರಿಲಿನಲ್ಲಿ ಲಿಂಗಸುಗೂರಿನ ಮನೆಗೆ ಒಯ್ದ ಬಾಟಲಿ ತಲೆಕೆಳಗಾದರೂ ಹನಿ ಬೀಳಲಿಲ್ಲ. ಕಣ್ಣಿನ ಮೇಲ್ಮೈ ಸುಮಾರು 34 ಡಿಗ್ರಿ. ನಮ್ಮ ಕೋಣೆ 38 ದಾಟಿತ್ತು. ಕಣ್ಣಿಗಿಂತ ಕಪಾಟೇ ಬಿಸಿಯಾದ ಊರಿನಲ್ಲಿ ಯಾವ ಅನುಪಾತ ತಾನೇ ಏನು ಮಾಡೀತು?

ಅದೃಷ್ಟಕ್ಕೆ ಈ ಜೆಲ್ ತಣಿದರೆ ಮತ್ತೆ ನೀರಾಗುತ್ತದೆ. ನಮ್ಮ ಕಡೆ ಫ್ರಿಜ್ ಇಲ್ಲದವರು ಇನ್ಸುಲಿನ್ ಬಾಟಲಿಯನ್ನು ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಗಡಿಗೆಯಲ್ಲಿ ಇಡುವುದುಂಟು. ಥರ್ಮಾಮೀಟರ್ ಇಳಿಬಿಟ್ಟು ನೋಡಿದೆ: 26ರ ಆಸುಪಾಸು. ಒಣಹವೆಯ ಕೃಪೆ. (ಆಗಸ್ಟಿನಲ್ಲಿ ಗಡಿಗೆ ಅಷ್ಟು ತಣಿಸದು, ಆಗ ಕೋಣೆಯೂ ಅಷ್ಟು ಕಾಯದು.) ಶೇ. 20ರ ದ್ರಾವಣ 25ರ ಸುಮಾರಿಗೇ ಗಟ್ಟಿಯಾಗುವುದರಿಂದ ಪೊಲಾಕ್ಸಮರ್ ಕಡಿಮೆ ಮಾಡಿ, ಅದರ ಸೋದರ 188 ಅನ್ನು ಬೆರೆಸಿ ಗಟ್ಟಿಯಾಗುವ ಉಷ್ಣತೆಯನ್ನು 30ರ ಮೇಲಕ್ಕೆ ತಳ್ಳಿದೆ. ಆದರೆ ಕಣ್ಣೀರು ಬೆರೆತರೆ ಅದು ಇನ್ನೂ ಮೇಲೇರುತ್ತದೆ. 34 ದಾಟಿದರೆ ಔಷಧ ಹರಿದೇ ಹೋಯಿತು. ಗಡಿಗೆಗೂ ಕಣ್ಣಿಗೂ ನಡುವೆ ಉಳಿಯುವುದು ಕೆಲವೇ ಡಿಗ್ರಿ.

ಉಷ್ಣತೆಗೆ ಸ್ಪಂದಿಸುವ ಪಾಲಿಮರ್ ಗೆದ್ದದ್ದು ಉಷ್ಣತೆ ಕೈಯಲ್ಲಿರುವ ಕಡೆ. ಟೋಕಿಯೊದ ಟೆರುಓ ಒಕಾನೊ ತಂಡ, 32 ಡಿಗ್ರಿಯಲ್ಲಿ ಗುಣ ಬದಲಿಸುವ ಪಾಲಿಮರನ್ನು ತಟ್ಟೆಗೆ ಲೇಪಿಸಿ, 37ರಲ್ಲಿ ಜೀವಕೋಶ ಬೆಳೆಸಿ, ತಟ್ಟೆ ತಣಿಸಿ, ಹಾಳೆಯಾಗಿಯೇ ಬಿಡಿಸಿಕೊಂಡಿತು. 2004ರಲ್ಲಿ ಬಾಯಿಯ ಒಳಪದರದ ಕೋಶಗಳ ಅಂಥ ಹಾಳೆಗಳನ್ನು ರೋಗಿಗಳ ಕಾರ್ನಿಯಾಕ್ಕೆ ಕೂರಿಸಿದ ವರದಿ ಬಂತು.

ಮಸ್ಕಿ, ಸಿಂಧನೂರಿನ ಅಂಗಡಿ ಕಪಾಟಿಗಾದರೆ ನನ್ನ ಓಟು ಗೆಲ್ಲಾನ್ ಗಮ್‌ಗೆ. ಅದು ಗಟ್ಟಿಯಾಗುವುದು ಕಣ್ಣೀರಿನ ಸೋಡಿಯಂ, ಕ್ಯಾಲ್ಸಿಯಂನಿಂದ, ಬಿಸಿ ಬೇಕಿಲ್ಲ. ಗ್ಲಾಕೋಮಾಕ್ಕೆ ಟಿಮೊಲಾಲ್ ಈ ರೂಪದಲ್ಲಿ ದಿನಕ್ಕೊಮ್ಮೆ ಹಾಕುವಂತೆ ಬಂದಿದೆ. ಹಾಕಿದ ಮೇಲೆ ಸ್ವಲ್ಪ ಹೊತ್ತು ಕಣ್ಣು ಮಂಜಾಗುತ್ತದೆ, ಬೈಕ್ ಹತ್ತುವವರಿಗೆ ಅದನ್ನು ಮೊದಲೇ ಹೇಳಬೇಕು.